ಬಂದು ಹೋಗುವ ಕಲಾವಿದ, ಉಳಿಯುವ ಶಿಕ್ಷಕ: ಕರ್ನಾಟಕದ ಶಾಲೆಗಳಲ್ಲಿ ಕಲಾಶಿಕ್ಷಣ – ಒಂದು ವಿವೇಚನೆ

1

ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಬಿ.ವಿ. ಕಾರಂತರ ರಂಗಜೀವನವನ್ನು ಸಾಮಾನ್ಯವಾಗಿ ಗುಬ್ಬಿ ಕಂಪನಿಯಿಂದ ಆರಂಭಿಸುತ್ತಾರೆ. ಅದಕ್ಕೂ ಮೊದಲು, ಮೂರನೆಯ ತರಗತಿಯ ಹುಡುಗನಾಗಿದ್ದಾಗ, ಅವರು ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರವಹಿಸಿದ್ದರು. ಆ ನಾಟಕವನ್ನು ನಿರ್ದೇಶಿಸಿದವರು ಪಿ.ಕೆ. ನಾರಾಯಣ. ಕಾಡಿನ ದಾರಿಯಲ್ಲಿ ಒಂಟಿಯಾಗಿ ಶಾಲೆಗೆ ಹೋಗಬೇಕಾದ ಬಾಲಕನ ಭಯ ಮತ್ತು ಭರವಸೆಗಳ ಆ ನಾಟಕ, ದಕ್ಷಿಣ ಕನ್ನಡದ ಒಂದು ಹಳ್ಳಿಯ ಹುಡುಗನನ್ನು ಮೊದಲ ಬಾರಿಗೆ ರಂಗದ ಮೇಲೆ ನಿಲ್ಲಿಸಿತು. ಮುಂದೆ ಆ ಹುಡುಗ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, ಮೈಸೂರಿನ ರಂಗಾಯಣವನ್ನು ಕಟ್ಟಿದ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅವನನ್ನು ಮೊದಲು ರಂಗಕ್ಕೆ ಹತ್ತಿಸಿದವರ ಹೆಸರು ಮಾತ್ರ ಬಹುಮಟ್ಟಿಗೆ ಜೀವನವೃತ್ತಾಂತದ ಒಂದು ಸಾಲಿನಲ್ಲಿ ಉಳಿದುಕೊಂಡಿದೆ.

ಈ ಅಸಮತೋಲನ ಆಕಸ್ಮಿಕವಲ್ಲ. ಮಕ್ಕಳ ಸಾಹಿತ್ಯವನ್ನು ಕುರಿತ ಕನ್ನಡದ ವಿಮರ್ಶೆ ಪಠ್ಯವನ್ನು ಕೈಗೆತ್ತಿಕೊಂಡಷ್ಟು ಆಸಕ್ತಿಯಿಂದ, ಆ ಪಠ್ಯ ಮಕ್ಕಳ ಮೈಗೂ ಬಾಯಿಗೂ ತಲುಪುವ ಬಗೆಯನ್ನು ಪರಿಶೀಲಿಸಿಲ್ಲ. ಕಲೆಯನ್ನು ಶಾಲೆಗೆ ತರುವವರು ಯಾರು? ಎಷ್ಟು ಕಾಲ ಅಲ್ಲಿ ನಿಲ್ಲುತ್ತಾರೆ? ಅವರು ಹೋದ ಮೇಲೆ ಉಳಿಯುವುದೇನು? ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ನಡೆದಿರುವ ಕೆಲವು ಮುಖ್ಯ ಪ್ರಯತ್ನಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾಟಕ ಮತ್ತು ಯಕ್ಷಗಾನಗಳಿಗೆ ಇಲ್ಲಿ ಹೆಚ್ಚಿನ ಗಮನವಿದ್ದರೂ ವಿವೇಚನೆಯ ತಿರುಳು ಎಲ್ಲ ಕಲೆಗಳಿಗೂ ಅನ್ವಯಿಸುವಂಥದು. ನಮ್ಮಲ್ಲಿ ಕಲೆ ಶಾಲೆಗೆ ಹೆಚ್ಚಾಗಿ ಉತ್ಸವವಾಗಿ ಬಂದಿದೆಯೇ ಹೊರತು ಕಲಿಕೆಯ ಕ್ರಮವಾಗಿ ಬಂದದ್ದು ಕಡಿಮೆ. ಕಲಾವಿದ ಹೊರಟುಹೋದ ಮರುದಿನ ತರಗತಿಯಲ್ಲಿ ಶಿಕ್ಷಕ ಏನು ಮಾಡಬಲ್ಲ ಎಂಬುದೇ ಕಲಾಶಿಕ್ಷಣದ ನಿಜವಾದ ಒರೆಗಲ್ಲು.

2

ಕಲೆ ಶಿಕ್ಷಣದ ಅಲಂಕಾರವಲ್ಲ, ಅದರ ಆಧಾರ ಎಂಬ ವಿಚಾರ ಭಾರತದಲ್ಲಿ ಹೊಸದಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯಲ್ಲಿ ಹಾಡು, ನಾಟಕ, ಋತುಗಳ ಹಬ್ಬ ಇವು ಪಾಠದ ಬಿಡುವಿನ ವಿನೋದಗಳಾಗಿರಲಿಲ್ಲ. 1908ರ ‘ಶಾರದೋತ್ಸವ’ ನಾಟಕವನ್ನು ಅವರು ಅಲ್ಲಿನ ವಿದ್ಯಾರ್ಥಿಗಳಿಗಾಗಿಯೇ ಬರೆದರು. ತಾವೂ ಅದರಲ್ಲಿ ಪಾತ್ರವಹಿಸಿದರು. 1919ರಲ್ಲಿ ಕಲಾಭವನ ಆರಂಭವಾಗಿ, ನಂದಲಾಲ್ ಬೋಸ್ ಅದರ ಹೊಣೆ ಹೊತ್ತ ಮೇಲೆ ಚಿತ್ರಕಲೆಯೂ ಇಡೀ ಆಶ್ರಮದ ದಿನಚರಿಯ ಭಾಗವಾಯಿತು. ಅವರ ಗರಡಿಯಲ್ಲಿ ಪಳಗಿದ ದೇವಿಪ್ರಸಾದ್ 1944ರಲ್ಲಿ ಗಾಂಧೀಜಿಯವರ ಸೇವಾಗ್ರಾಮಕ್ಕೆ ಕಲಾಶಿಕ್ಷಕರಾಗಿ ಹೋದರು. 1937ರ ವಾರ್ಧಾ ಸಮ್ಮೇಳನದಿಂದ ರೂಪುಗೊಂಡ ನಯೀ ತಾಲೀಮಿನ ಶಾಲೆಯಲ್ಲಿ ನೂಲು, ಮಣ್ಣು, ಬಣ್ಣಗಳ ನಡುವೆ ಮಕ್ಕಳೊಂದಿಗೆ ವರ್ಷಗಟ್ಟಲೆ ದುಡಿದ ಅನುಭವವೇ ಅವರ ಗ್ರಂಥದ ವಸ್ತುವಾಯಿತು. ಕಲೆಯೇ ಶಿಕ್ಷಣದ ತಳಹದಿ ಎಂದು ಸಾರುವ ಆ ಗ್ರಂಥದ ಇಂಗ್ಲಿಷ್ ರೂಪ 1998ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನಿಂದ ಪ್ರಕಟವಾಯಿತು.

ಈ ಎರಡು ಪ್ರಯೋಗಗಳ ಆದರ್ಶಗಳನ್ನು ಉದ್ಧರಿಸುವವರು ಅವುಗಳ ವ್ಯವಸ್ಥೆಯ ಒಂದು ಮುಖ್ಯಾಂಶವನ್ನು ಮರೆಯುವುದುಂಟು. ಅಲ್ಲಿ ಕಲಾವಿದ ಶಾಲೆಯ ಅತಿಥಿಯಾಗಿರಲಿಲ್ಲ, ಅಲ್ಲಿಯೇ ವಾಸವಾಗಿದ್ದ. ಬೆಳಗಿನ ಮಗುವನ್ನೂ ಸಂಜೆಯ ಮಗುವನ್ನೂ ಅವನು ಕಾಣುತ್ತಿದ್ದ. ಇಂದು ಒಂದು ಗೆರೆಯನ್ನೂ ಎಳೆಯದ ಮಗು ಮೂರು ತಿಂಗಳ ಮೇಲೆ ಎಳೆಯುವುದನ್ನು ನೋಡುವಷ್ಟು ವ್ಯವಧಾನ ಅವನಿಗಿತ್ತು. ಕನ್ನಡನಾಡಿನಲ್ಲಿ 1930ರ ದಶಕದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಡೆಸಿದ ಮಕ್ಕಳ ಶಾಲೆಯೂ ಇದೇ ಬಗೆಯದು. ಕಾದಂಬರಿಕಾರ, ಯಕ್ಷಗಾನದ ಸಂಶೋಧಕ, ‘ಬಾಲಪ್ರಪಂಚ’ದ ಕರ್ತೃವಾದ ಕಾರಂತರೇ ಅಲ್ಲಿ ಮಕ್ಕಳ ಒಡನಾಡಿಯೂ ಆಗಿದ್ದರು. ಶಾಂತಿನಿಕೇತನ, ಸೇವಾಗ್ರಾಮ, ಬಾಲವನ ಈ ಮೂರೂ ಕಡೆ ಕಲಾವಿದ ಮತ್ತು ಶಿಕ್ಷಕ ಎಂಬ ಎರಡು ಪಾತ್ರಗಳು ಒಬ್ಬನಲ್ಲಿಯೇ ಕೂಡಿದ್ದವು. ಸರ್ಕಾರಿ ಶಾಲೆಗಳ ವಿಶಾಲ ವ್ಯವಸ್ಥೆಯಲ್ಲಿ ಈ ಎರಡು ಪಾತ್ರಗಳು ಬೇರೆಯಾದವು. ಅನಂತರದ ಸಮಸ್ಯೆಗಳೆಲ್ಲ ಬಹುಮಟ್ಟಿಗೆ ಈ ಬೇರ್ಪಡೆಯಿಂದ ಹುಟ್ಟಿದವು.

3

ಸ್ವಾತಂತ್ರ್ಯಾನಂತರ ಕರ್ನಾಟಕದಲ್ಲಿ ಮಕ್ಕಳ ರಂಗಭೂಮಿಗೆ ಹೊಸ ಚೈತನ್ಯ ಬಂದದ್ದು ಹವ್ಯಾಸಿ ರಂಗಚಳವಳಿಯ ಪ್ರಭಾವದಿಂದ. ಪ್ರೇಮಾ ಕಾರಂತರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಸ್ಥಾಪಿಸಿ, ಮಕ್ಕಳ ನಾಟಕಕ್ಕೆ ದೊಡ್ಡವರ ನಾಟಕದಷ್ಟೇ ಶ್ರದ್ಧೆಯ ರಂಗಸಜ್ಜಿಕೆ, ಸಂಗೀತ, ವೇಷಭೂಷಣಗಳು ಬೇಕೆಂಬುದನ್ನು ತೋರಿಸಿಕೊಟ್ಟರು. ಉಡುಪಿ ಪರಿಸರದಲ್ಲಿ ವೈದೇಹಿ ಅವರು ‘ಧಾಂ ಧೂಂ ಸುಂಟರಗಾಳಿ’, ‘ಗೊಂಬೆ ಮ್ಯಾಕ್‌ಬೆತ್’, ‘ಮೂಕನ ಮಕ್ಕಳು’ ಮೊದಲಾದ ನಾಟಕಗಳ ಮೂಲಕ, ಶೇಕ್ಸ್‌ಪಿಯರನನ್ನೂ ಕುಂದಾಪುರ ಸೀಮೆಯ ಮಾತಿನ ಲಯವನ್ನು ಬಲ್ಲ ಮಕ್ಕಳ ಆಟದ ಅಂಗಳಕ್ಕೆ ತಂದರು. 1989ರಲ್ಲಿ ಸ್ಥಾಪನೆಯಾದ ರಂಗಾಯಣ ಬೇಸಗೆಯ ‘ಚಿಣ್ಣರ ಮೇಳ’ದ ಮೂಲಕ ಮೈಸೂರಿನ ಎಷ್ಟೋ ಮಕ್ಕಳಿಗೆ ರಂಗಭೂಮಿಯ ಮೊದಲ ರುಚಿ ಹತ್ತಿಸಿತು. ಇವುಗಳ ಸಾಧನೆ ನಿರ್ವಿವಾದ.

ಬಿ.ವಿ. ಕಾರಂತರು ಕನ್ನಡಕ್ಕೆ ತಂದ ‘ಪಂಜರ ಶಾಲೆ’ ಈ ಪರಂಪರೆಯಲ್ಲಿ ವಿಶೇಷ ಪರಿಶೀಲನೆಗೆ ಅರ್ಹವಾದ ಕೃತಿ. ರವೀಂದ್ರರು 1918ರಲ್ಲಿ ಬರೆದ ಗಿಳಿಯ ಕಥೆ ಇದರ ಮೂಲ. ಹಾಡುತ್ತ, ಹಾರುತ್ತ ಇದ್ದ ಹಕ್ಕಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ರಾಜನಿಗೆ ಅನಿಸುತ್ತದೆ. ಪಂಡಿತರು ಸೇರುತ್ತಾರೆ, ಚಿನ್ನದ ಪಂಜರ ಸಿದ್ಧವಾಗುತ್ತದೆ, ಗ್ರಂಥಗಳ ರಾಶಿ ಬೆಳೆಯುತ್ತದೆ, ಉಸ್ತುವಾರಿಯವರು ಶ್ರೀಮಂತರಾಗುತ್ತಾರೆ. ಹಕ್ಕಿಯ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕುವ ಕೆಲಸ ಮಾತ್ರ ಶಿಸ್ತಿನಿಂದ ನಡೆದು ಕೊನೆಗೆ ಹಕ್ಕಿ ಸಾಯುತ್ತದೆ. ಶಾಲೆಯನ್ನು ಕುರಿತು ಇಷ್ಟು ತೀಕ್ಷ್ಣವಾದ ವಿಡಂಬನೆಯನ್ನು ಶಾಲೆಯ ಮಕ್ಕಳೇ ಅಭಿನಯಿಸುವುದರಲ್ಲಿ ಒಂದು ವಿಮೋಚಕ ಶಕ್ತಿಯಿದೆ. ಪಂಡಿತನ ಪಾತ್ರಧಾರಿಯಾದ ಹುಡುಗ ದಿನವೂ ತಾನು ಕಾಣುವ ಗಾಂಭೀರ್ಯವನ್ನು ಅಣಕಿಸಬಲ್ಲ. ಹಕ್ಕಿಯಾದ ಹುಡುಗಿ ತನ್ನ ಉಸಿರುಗಟ್ಟುವಿಕೆಗೆ ಒಂದು ಚಲನೆಯನ್ನು ಕಂಡುಕೊಳ್ಳಬಲ್ಲಳು. ಕಾರಂತರ ರಂಗಸಂಗೀತದಲ್ಲಿ ಗುಂಪಿನ ಹಾಡಿಗೆ ಇರುವ ಪ್ರಾಧಾನ್ಯವೂ ಗಮನಾರ್ಹ. ಒಬ್ಬನೇ ನಾಯಕನಿಗೆ ನಾಟಕ ಕಟ್ಟಿಬೀಳದೆ ಹತ್ತಾರು ಮಕ್ಕಳಿಗೆ ಸಮಾನವಾದ ಕೆಲಸ ದೊರೆಯುವುದು ಅದರಿಂದಲೇ.

ಆದರೆ ಇದೇ ನಾಟಕವನ್ನು ಶಾಲಾ ವಾರ್ಷಿಕೋತ್ಸವಕ್ಕೆ ಹದಿನೈದು ದಿನವಿರುವಾಗ ಆರಿಸಿಕೊಂಡು, ಚುರುಕಾದ ಎಂಟು ಹತ್ತು ಮಕ್ಕಳನ್ನು ಹೆಕ್ಕಿ, ಮಾತುಗಳನ್ನು ಬಾಯಿಪಾಠ ಮಾಡಿಸಿ, ತಪ್ಪಿದವರನ್ನು ಗದರಿಸಿ ಪ್ರದರ್ಶಿಸಿದರೆ ಆಗುವುದೇನು? ಪಂಜರದ ವಿರುದ್ಧ ಬರೆದ ನಾಟಕವೇ ಮತ್ತೊಂದು ಪಂಜರವಾಗುತ್ತದೆ. ನಾಟಕದ ಪಠ್ಯ ಎಷ್ಟೇ ಪ್ರಗತಿಪರವಾಗಿದ್ದರೂ ತಾಲೀಮಿನ ಕ್ರಮ ಅದನ್ನು ನಿರಾಕರಿಸಬಲ್ಲದು. ಮಕ್ಕಳ ನಾಟಕದ ಮೌಲ್ಯಮಾಪನವನ್ನು ಪಠ್ಯಕ್ಕೂ ಪ್ರದರ್ಶನಕ್ಕೂ ಸೀಮಿತಗೊಳಿಸುವ ವಿಮರ್ಶೆ ಈ ಕಾರಣಕ್ಕಾಗಿ ಅಪೂರ್ಣವೆನಿಸುತ್ತದೆ.

ಶಿಬಿರಗಳನ್ನು ಕುರಿತೂ ಒಂದು ಮಾತನ್ನು ಹೇಳಬೇಕು. ಮಕ್ಕಳ ರಂಗಭೂಮಿಯ ಅತ್ಯುತ್ತಮ ಕೆಲಸದ ಬಹುಪಾಲು ನಡೆದಿರುವುದು ಏಪ್ರಿಲ್–ಮೇ ತಿಂಗಳುಗಳಲ್ಲಿ, ಅಂದರೆ ಶಾಲೆಗೆ ಬೀಗ ಬಿದ್ದಿರುವಾಗ. ಶಿಬಿರದಲ್ಲಿ ಮಗು ಅನುಭವಿಸಿದ ಸ್ವಾತಂತ್ರ್ಯ ಜೂನ್ ತಿಂಗಳ ತರಗತಿಯನ್ನು ಪ್ರವೇಶಿಸುವುದಿಲ್ಲ. ಆ ತರಗತಿಯ ಶಿಕ್ಷಕ ಶಿಬಿರದಲ್ಲಿ ಇದ್ದವನೇ ಅಲ್ಲ. ಬೇಸಗೆಯ ಹಕ್ಕಿ ಮಳೆಗಾಲದಲ್ಲಿ ಮತ್ತೆ ಪಂಜರಕ್ಕೆ ಮರಳುತ್ತದೆ. ಇದು ಶಿಬಿರಗಳ ದೋಷವೆಂದಲ್ಲ; ಶಿಬಿರವನ್ನೇ ಕಲಾಶಿಕ್ಷಣವೆಂದು ಭಾವಿಸಿದ ನಮ್ಮ ಗ್ರಹಿಕೆಯ ದೋಷ.

4

ಕಾಲದ ಈ ಸಮಸ್ಯೆಗೆ ಬೇರೊಂದು ಬಗೆಯ ಉತ್ತರವನ್ನು ಕರಾವಳಿಯ ಯಕ್ಷಗಾನ ಶಿಕ್ಷಣದಲ್ಲಿ ಕಾಣಬಹುದು. 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರ ಮುಂದಾಳುತನದಲ್ಲಿ ರೂಪುಗೊಂಡ ಸಾಲಿಗ್ರಾಮ ಮಕ್ಕಳ ಮೇಳ, ಮಕ್ಕಳೇ ಪೂರ್ಣ ಪ್ರಸಂಗವನ್ನು ನಿರ್ವಹಿಸಬಲ್ಲರೆಂಬುದನ್ನು ಸಾಧಿಸಿತು. ಅನಂತರದ ವರ್ಷಗಳಲ್ಲಿ ಉಡುಪಿ ಪರಿಸರದ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ತರಬೇತಿ ನಡೆದು, ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ಆ ಮಕ್ಕಳ ಪ್ರದರ್ಶನಗಳು ನಡೆಯುತ್ತ ಬಂದಿವೆ. ಇಲ್ಲಿ ಗುರು ಒಂದು ದಿನ ಬಂದು ಹೋಗುವವನಲ್ಲ. ಹೆಜ್ಜೆ, ತಾಳ, ಪದ್ಯದ ಓಟ ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಜಿಗಿಯುವಂತಿಲ್ಲ. ಆದ್ದರಿಂದ ಕಲೆಯ ಶಾಸ್ತ್ರವೇ ಅವನನ್ನು ತಿಂಗಳುಗಟ್ಟಲೆ ಮಕ್ಕಳೊಡನೆ ಹಿಡಿದು ನಿಲ್ಲಿಸುತ್ತದೆ. ಒಂದು ಕಾಲಕ್ಕೆ ಗಂಡಸರದೇ ಆಗಿದ್ದ ರಂಗಸ್ಥಳಕ್ಕೆ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಬರಲು ಶಾಲೆಯ ತರಬೇತಿ ದಾರಿ ಮಾಡಿಕೊಟ್ಟದ್ದು ಸಾಮಾಜಿಕವಾಗಿಯೂ ಮಹತ್ವದ ಸಂಗತಿ. ಕಿರೀಟ ಕಟ್ಟಿಕೊಂಡು ಅರ್ಜುನನಾಗಿ ಕುಣಿಯುವ ಎಂಟನೆಯ ತರಗತಿಯ ಹುಡುಗಿ ಕಲಿಯುವುದು ಕೇವಲ ಹೆಜ್ಜೆಯನ್ನಲ್ಲ, ಜನರೆದುರು ಜಾಗವನ್ನು ಆಕ್ರಮಿಸಿ ನಿಲ್ಲುವ ಹಕ್ಕನ್ನು.

ಇಷ್ಟನ್ನು ಒಪ್ಪಿಯೂ ಒಂದು ಕೊರತೆಯನ್ನು ಗುರುತಿಸಬೇಕಾಗುತ್ತದೆ. ಯಕ್ಷಗಾನದ ಜೀವಾಳಗಳಲ್ಲಿ ಒಂದು ಅದರ ಅರ್ಥಗಾರಿಕೆ. ಭಾಗವತ ಹಾಡಿದ ಪದ್ಯವನ್ನು ಪಾತ್ರಧಾರಿ ತನ್ನ ಮಾತಿನಲ್ಲಿ, ಆ ಕ್ಷಣದಲ್ಲಿ, ಎದುರು ಪಾತ್ರಕ್ಕೆ ಪ್ರತಿಯಾಗಿ ಬೆಳೆಸಬೇಕು. ಓದು, ತರ್ಕ, ಸಮಯಸ್ಫೂರ್ತಿ ಮೂರೂ ಕೂಡುವ ಈ ಭಾಗದಂಥ ಭಾಷಾಶಿಕ್ಷಣ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಮಕ್ಕಳ ಪ್ರದರ್ಶನಗಳಲ್ಲಾದರೋ ಅರ್ಥವನ್ನು ಗುರು ಬರೆದುಕೊಡುವುದೂ ಮಕ್ಕಳು ಅದನ್ನು ಒಪ್ಪಿಸುವುದೂ ಸಾಮಾನ್ಯವಾಗಿದೆ. ಪ್ರದರ್ಶನದ ಬಿಗಿಯನ್ನು ಕಾಪಾಡಲು ಇದು ಅನಿವಾರ್ಯವೆಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಕಂಠಪಾಠದಲ್ಲಿ ಎರಡು ಬಗೆಗಳಿವೆ. ತಾಳವನ್ನು ಮೈಗೂಡಿಸಿಕೊಳ್ಳುವುದು ಮುಂದಿನ ಸ್ವಾತಂತ್ರ್ಯಕ್ಕೆ ತಳಪಾಯ; ಇನ್ನೊಬ್ಬರ ಅರ್ಥವನ್ನು ಬಾಯಿಪಾಠ ಮಾಡುವುದು ಆ ಸ್ವಾತಂತ್ರ್ಯವನ್ನು ಮುಂದೂಡುವ ಕ್ರಮ. ಯಕ್ಷಗಾನದ ಗುರುವೂ ಶಾಲೆಯ ಕನ್ನಡ ಅಧ್ಯಾಪಕರೂ ಜೊತೆಗೂಡಿ, ಒಂದೇ ಪದ್ಯಕ್ಕೆ ಮಕ್ಕಳಿಂದ ಹಲವು ಅರ್ಥಗಳನ್ನು ಹೇಳಿಸುವ ಅಭ್ಯಾಸವನ್ನು ತರಗತಿಯಲ್ಲಿಯೇ ಬೆಳೆಸಿದರೆ, ಹೊರಗಿನಿಂದ ಬಂದ ಕಲೆ ಒಳಗಿನ ಪಾಠವಾಗುತ್ತದೆ. ಹಾಗಾಗದಿದ್ದರೆ ಕನ್ನಡದ ತರಗತಿ ಮತ್ತು ಯಕ್ಷಗಾನದ ತರಗತಿ ಒಂದೇ ಕಟ್ಟಡದಲ್ಲಿದ್ದೂ ಪರಸ್ಪರ ಅಪರಿಚಿತವಾಗಿ ಉಳಿಯುತ್ತವೆ.

5

ಕರಾವಳಿಯ ಈ ಅನುಕೂಲ ರಾಜ್ಯದ ಎಲ್ಲ ಭಾಗಗಳಿಗೂ ಇಲ್ಲ. ಬಹುಸಂಖ್ಯೆಯ ಸರ್ಕಾರಿ ಶಾಲೆಗಳಿಗೆ ಕಲೆ ತಲುಪುವುದು ಸರ್ಕಾರದ ಯೋಜನೆಗಳ ಮೂಲಕ. 2000ದ ದಶಕದ ಆರಂಭದಲ್ಲಿ ಜಾರಿಗೆ ಬಂದ ‘ಪ್ರತಿಭಾ ಕಾರಂಜಿ’ ಅವುಗಳಲ್ಲಿ ಅತ್ಯಂತ ವ್ಯಾಪಕವಾದುದು. ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಮಣ್ಣಿನ ಮಾದರಿ, ಚಿತ್ರಕಲೆ, ಜಾನಪದ ನೃತ್ಯ ಮೊದಲಾದ ವಿಭಾಗಗಳಲ್ಲಿ ಕ್ಲಸ್ಟರ್ ಮಟ್ಟದಿಂದ ಮೇಲೇರುವ ಈ ಸ್ಪರ್ಧೆ, ಎಂದೂ ವೇದಿಕೆ ಹತ್ತದ ಹಳ್ಳಿಯ ಮಕ್ಕಳಿಗೆ ವೇದಿಕೆಯನ್ನು ಒದಗಿಸಿದೆ. ಅದರ ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸ್ಪರ್ಧೆಯ ಸ್ವಭಾವವೇ ಆಯ್ಕೆ. ಒಂದು ಮಗುವನ್ನು ಮುಂದಿನ ಹಂತಕ್ಕೆ ಕಳಿಸಲು ಉಳಿದವರನ್ನು ಕೆಳಗಿಳಿಸಬೇಕು. ಮೊದಲ ಸುತ್ತಿನಲ್ಲಿಯೇ ಹಿಂದುಳಿದ ಮಗುವಿಗೆ ಆ ವರ್ಷದ ಕಲಾಶಿಕ್ಷಣ ಅಲ್ಲಿಗೆ ಮುಗಿಯುತ್ತದೆ. ಪ್ರತಿಭೆಯನ್ನು ಹುಡುಕುವುದಕ್ಕೂ ಕಲೆಯನ್ನು ಕಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಈ ವ್ಯವಸ್ಥೆ ಮಸುಕುಗೊಳಿಸಿದೆ.

ಜಾನಪದ ನೃತ್ಯದ ವಿಭಾಗ ಇದಕ್ಕೆ ಸ್ಪಷ್ಟ ನಿದರ್ಶನ. ಅನೇಕ ವೇಳೆ ಧ್ವನಿಮುದ್ರಿತ ಹಾಡಿಗೆ, ಬಾಡಿಗೆಗೆ ತಂದ ಉಡುಪಿನಲ್ಲಿ, ಕಂಸಾಳೆಯನ್ನೋ ಡೊಳ್ಳನ್ನೋ ಹೋಲುವ ಚಲನೆಗಳನ್ನು ಮಕ್ಕಳಿಂದ ಮಾಡಿಸಲಾಗುತ್ತದೆ. ಅದೇ ಊರಿನಲ್ಲಿ ಮಲೆ ಮಹದೇಶ್ವರನ ಕಾವ್ಯವನ್ನು ಹಾಡಬಲ್ಲ ದೇವರಗುಡ್ಡನೊಬ್ಬನಿದ್ದರೂ ಅವನನ್ನು ಶಾಲೆಗೆ ಕರೆಯಬೇಕೆಂದು ತೋಚುವುದಿಲ್ಲ. ಆ ಕಲಾವಿದನ ಮೊಮ್ಮಗ ಅದೇ ತರಗತಿಯಲ್ಲಿ ಕುಳಿತಿರಬಹುದು. ತನ್ನ ಮನೆಯ ಕಂಸಾಳೆ ಶಾಲೆಯಲ್ಲಿ ಗೌರವಕ್ಕೆ ಪಾತ್ರವಾಗುವುದನ್ನು ಕಂಡ ಮಗುವಿಗೂ, ಅದರ ನಕಲನ್ನಷ್ಟೇ ಕಂಡ ಮಗುವಿಗೂ ಶಾಲೆ ನೀಡುವ ಸಂದೇಶ ಒಂದೇ ಆಗಿರುವುದಿಲ್ಲ. ಕಲಾಶಿಕ್ಷಣದ ಪ್ರಶ್ನೆ ಇಲ್ಲಿ ಸೌಂದರ್ಯದ ಪ್ರಶ್ನೆಯಾಗಿ ಉಳಿಯದೆ ಜಾತಿ ಮತ್ತು ಘನತೆಯ ಪ್ರಶ್ನೆಯೂ ಆಗುತ್ತದೆ.

ಶಾಸನ ಮತ್ತು ನೀತಿಗಳ ಮಟ್ಟದಲ್ಲಿ ಆಶಯಗಳಿಗೆ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದು ಶಿಫಾರಸು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ, ಆರರಿಂದ ಎಂಟನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣಕ್ಕಾಗಿ ಅರೆಕಾಲಿಕ ಬೋಧಕರಿರಬೇಕೆಂದು ವಿಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಕಲೆಯೊಡನೆ ಬೆಸೆದ ಕಲಿಕೆಯನ್ನೂ ಸ್ಥಳೀಯ ಕಲಾವಿದರನ್ನು ಬೋಧಕರಾಗಿ ನೇಮಿಸಿಕೊಳ್ಳುವುದನ್ನೂ ಪ್ರಸ್ತಾಪಿಸಿತು. ಈ ಪೈಕಿ ಶಿಕ್ಷಣ ಹಕ್ಕು ಕಾಯಿದೆಯ ಎರಡು ಷರತ್ತುಗಳನ್ನು ಸೂಕ್ಷ್ಮವಾಗಿ ನೋಡಬೇಕು. ‘ನೂರಕ್ಕಿಂತ ಹೆಚ್ಚು’ ಎಂಬುದು ಮಲೆನಾಡಿನ ಮತ್ತು ಗಡಿನಾಡಿನ ಚಿಕ್ಕ ಶಾಲೆಗಳನ್ನು ಹೊರಗಿಡುತ್ತದೆ. ‘ಅರೆಕಾಲಿಕ’ ಎಂಬುದು ಕಲಾಬೋಧಕನನ್ನು ಶಾಲೆಯ ಸಮುದಾಯದ ಅಂಚಿನಲ್ಲಿ ನಿಲ್ಲಿಸುತ್ತದೆ. ಗಣಿತಕ್ಕೆ ಅರೆಕಾಲಿಕ ಶಿಕ್ಷಕ ಸಾಕೆಂದು ಯಾವ ಕಾನೂನೂ ಹೇಳಲಾರದು. ಕಲೆಯ ವಿಷಯದಲ್ಲಿ ಹಾಗೆ ಹೇಳಬಹುದೆಂಬ ಸಮ್ಮತಿಯೇ ನಮ್ಮ ಶಿಕ್ಷಣದಲ್ಲಿ ಕಲೆಗಿರುವ ಸ್ಥಾನವನ್ನು ಸೂಚಿಸುತ್ತದೆ.

6

ಹಾಗಾದರೆ ಉಳಿಯುವ ಶಿಕ್ಷಕನಿಂದಲೇ ಆರಂಭಿಸಲು ಸಾಧ್ಯವೇ? ಕರ್ನಾಟಕದಲ್ಲಿಯೇ ಇದಕ್ಕೆ ಎರಡು ನಿದರ್ಶನಗಳಿವೆ. ಮೊದಲನೆಯದು ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಋಷಿವ್ಯಾಲಿಯ ಪ್ರಯೋಗದಿಂದ ಪ್ರೇರಿತರಾಗಿ, ಯುನಿಸೆಫ್ ನೆರವಿನಿಂದ ರೂಪಿಸಿದ ಈ ವಿಧಾನದಲ್ಲಿ ಹಾಡು, ಕಥೆ, ಆಟ ಇವು ಅಕ್ಷರ ಮತ್ತು ಲೆಕ್ಕಗಳ ಕಲಿಕೆಯ ಮಾಧ್ಯಮಗಳಾದವು. ಇಲ್ಲಿ ಹೊರಗಿನ ಕಲಾವಿದನಿರಲಿಲ್ಲ. ಹಾಡು ಕಟ್ಟಿದವರೂ ಕುಣಿದವರೂ ಶಿಕ್ಷಕ ಶಿಕ್ಷಕಿಯರೇ. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳತರಗತಿಗಳಿಗೆ ಇದು ವಿಸ್ತರಿಸಿತು. ವಿಸ್ತರಣೆಯೊಂದಿಗೆ ಬಂದ ಅಪಾಯವೂ ಉಂಟು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳಿಗಾಗಿ ಕಟ್ಟಿದ ಹಾಡು ಮತ್ತೊಂದು ಜಿಲ್ಲೆಯ ಶಿಕ್ಷಕಿಗೆ ಕಲಿಕಾ ಕಾರ್ಡಿನ ಮೇಲೆ ಮುದ್ರಿತವಾಗಿ ತಲುಪಿದಾಗ, ಕಟ್ಟುವವಳು ಕೇವಲ ಒಪ್ಪಿಸುವವಳಾಗಿಬಿಡಬಹುದು. ಅಲ್ಲದೆ, ಕೆಳತರಗತಿಗಳಲ್ಲಿ ಹಾಡುತ್ತ ಕಲಿತ ಮಗು ನಾಲ್ಕನೆಯ ತರಗತಿಗೆ ಬಂದೊಡನೆ ಬೆಂಚಿನ ಮೇಲೆ ಸುಮ್ಮನೆ ಕೂರಬೇಕಾಗುವುದು, ಕಲೆ ಬಾಲಿಶವಾದುದೆಂಬ ಹಳೆಯ ನಂಬಿಕೆಯ ಮುಂದುವರಿಕೆಯೇ ಆಗಿದೆ.

ಎರಡನೆಯ ನಿದರ್ಶನ ‘ಕಲಿ-ಕಲಿಸು’. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಸ್ಥೆ 2009ರಲ್ಲಿ ಈ ಹೆಸರಿನಿಂದ ತನ್ನ ಕಲಾಶಿಕ್ಷಣದ ಕಾರ್ಯಕ್ರಮವನ್ನು ಕರ್ನಾಟಕದ ಶಾಲೆಗಳ ಕಡೆಗೆ ತಿರುಗಿಸಿತು. ಕಲಾವಿದರಂತೆಯೇ ಸರ್ಕಾರಿ ಶಾಲೆಯ ಶಿಕ್ಷಕರೂ ತಮ್ಮದೇ ಯೋಜನೆಯನ್ನು ರೂಪಿಸಿ ಅನುದಾನ ಪಡೆಯಬಹುದೆಂಬುದು ಇದರ ವಿಶೇಷ. ಈ ವ್ಯವಸ್ಥೆಯಲ್ಲಿ ಶಿಕ್ಷಕ ಕಾರ್ಯಕ್ರಮವೊಂದರ ಫಲಾನುಭವಿಯಲ್ಲ, ಅದರ ಕರ್ತೃ. ತನ್ನ ಊರಿನ ಕೆರೆ, ಸಂತೆ, ಕಸುಬು, ಹಬ್ಬಗಳನ್ನು ಮಕ್ಕಳೊಡನೆ ನಾಟಕವಾಗಿ, ಚಿತ್ರವಾಗಿ, ಹಾಡಾಗಿ ಶೋಧಿಸುವ ಅವಕಾಶ ಅವನಿಗೆ ದೊರೆಯುತ್ತದೆ. ಇಂಥ ಪ್ರಯತ್ನಗಳಿಗೂ ಮಿತಿಯುಂಟು. ಅನುದಾನಕ್ಕೆ ಕಾಲಾವಧಿಯಿದೆ, ಶಿಕ್ಷಕನಿಗೆ ವರ್ಗಾವಣೆಯಿದೆ. ಒಬ್ಬ ಉತ್ಸಾಹಿ ಶಿಕ್ಷಕನ ಬೆನ್ನಿಗೇ ಶಾಲೆಯ ಕಲೆಯೂ ಬಸ್ಸು ಹತ್ತಿ ಹೊರಟುಹೋಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಕಲಾವಿದ–ಶಿಕ್ಷಕ ಎಂಬ ಬೇರ್ಪಡೆಯನ್ನು ಮರಳಿ ಜೋಡಿಸುವ ದಿಕ್ಕನ್ನು ಈ ಎರಡೂ ನಿದರ್ಶನಗಳು ಸೂಚಿಸುತ್ತವೆ.

7

ಮೇಲಿನ ವಿವೇಚನೆಯಿಂದ ಕಲಾಶಿಕ್ಷಣದ ಮೌಲ್ಯಮಾಪನಕ್ಕೆ ಮೂರು ಮಾನದಂಡಗಳನ್ನು ಪ್ರಸ್ತಾಪಿಸಬಹುದು. ಮೊದಲನೆಯದು, ಆಯ್ಕೆಯಾಗದ ಮಗುವಿಗೆ ದೊರೆತದ್ದೇನು ಎಂಬುದು. ವೇದಿಕೆಯ ಮೇಲಿನ ಹತ್ತು ಮಕ್ಕಳಿಂದಲ್ಲ, ಕೆಳಗೆ ಕುಳಿತ ಮೂವತ್ತು ಮಕ್ಕಳಿಂದ ಒಂದು ಪ್ರಯತ್ನವನ್ನು ಅಳೆಯಬೇಕು. ಎರಡನೆಯದು, ಮಗು ತನ್ನದೇ ಮಾತನ್ನು, ಗೆರೆಯನ್ನು, ಹೆಜ್ಜೆಯನ್ನು ಸೇರಿಸಲು ಎಡೆಯಿತ್ತೇ ಎಂಬುದು. ಮೂರನೆಯದು, ಕಲಾವಿದ ಹೋದ ಮೇಲೆ ಶಿಕ್ಷಕನ ದೈನಂದಿನ ಪಾಠದಲ್ಲಿ ಏನಾದರೂ ಬದಲಾಯಿತೇ ಎಂಬುದು. ಈ ಮೂರರಲ್ಲಿ ಯಾವುದೂ ಪ್ರದರ್ಶನದ ದಿನ ಕಣ್ಣಿಗೆ ಬೀಳುವಂಥದಲ್ಲ. ಅದಕ್ಕಾಗಿಯೇ ವರದಿ ಮತ್ತು ಛಾಯಾಚಿತ್ರಗಳನ್ನು ಆಧರಿಸಿದ ನಮ್ಮ ಮೌಲ್ಯಮಾಪನ ಇವುಗಳನ್ನು ಮುಟ್ಟಿಲ್ಲ.

ಸಂಶೋಧಕರ ಹೊಣೆಯೂ ಇಲ್ಲಿಯೇ ಇದೆ. ಶಿಕ್ಷಕರು ಕೈಬರಹದಲ್ಲಿ ತಿದ್ದಿಕೊಂಡ ನಾಟಕದ ಪ್ರತಿಗಳು, ತರಗತಿಗೆಂದು ಕಟ್ಟಿದ ಹಾಡುಗಳ ಟಿಪ್ಪಣಿ ಪುಸ್ತಕಗಳು, ಕಾಗದ ಮತ್ತು ಗೋಣಿಯಿಂದ ಮಾಡಿದ ಮುಖವಾಡಗಳು, ಮಕ್ಕಳು ಬಿಡಿಸಿದ ಚಿತ್ರಗಳು ಇವು ಗ್ರಂಥಾಲಯವನ್ನು ಸೇರುವ ವಸ್ತುಗಳೆಂದು ನಾವು ಭಾವಿಸಿಲ್ಲ. ಶಿಕ್ಷಕರು ನಿವೃತ್ತರಾದಾಗ ಇವು ಶಾಲೆಯ ಬೀರುವಿನಿಂದ ರದ್ದಿಗೆ ಹೋಗುತ್ತವೆ. ಜಿಲ್ಲೆಗೊಂದರಂತೆ ಇವುಗಳ ಸಂಗ್ರಹ ನಡೆದು, ಆ ಶಿಕ್ಷಕ ಶಿಕ್ಷಕಿಯರ ಮೌಖಿಕ ನಿರೂಪಣೆಗಳು ದಾಖಲಾದರೆ, ಕನ್ನಡ ರಂಗಭೂಮಿ ಮತ್ತು ಚಿತ್ರಕಲೆಗಳ ಚರಿತ್ರೆಗೆ ಇಂದು ಕಾಣದಿರುವ ಒಂದು ತಳಪಾಯ ದೊರೆಯುತ್ತದೆ. ಮೂರನೆಯ ತರಗತಿಯ ಹುಡುಗನೊಬ್ಬನನ್ನು ರಂಗಕ್ಕೆ ಹತ್ತಿಸಿದವರ ಹೆಸರು ಉಳಿದದ್ದು, ಆ ಹುಡುಗ ಬಿ.ವಿ. ಕಾರಂತರಾದ್ದರಿಂದ. ಹತ್ತಿಸಿದ ಉಳಿದ ಮಕ್ಕಳು ರೈತರಾಗಿ, ಗುಮಾಸ್ತರಾಗಿ, ಗೃಹಿಣಿಯರಾಗಿ, ನರ್ಸುಗಳಾಗಿ ಬದುಕಿದರೆಂಬ ಕಾರಣಕ್ಕೆ ಹತ್ತಿಸಿದವರ ಕೆಲಸ ಕಿರಿದಾಗುವುದಿಲ್ಲ. ಕಲಾಶಿಕ್ಷಣದ ಚರಿತ್ರೆ ಮುಖ್ಯವಾಗಿ ಬರೆಯಬೇಕಾದುದು ಅವರ ಕೆಲಸವನ್ನೇ.